ಬ್ಯಾಂಕಾಕ್, ಪಟ್ಟಾಯ, ಫುಕೆಟ್: ತೆರೆಯ ಮೇಲಿನ ಜೋಡಿಗಳ ಊರುಗಳಲ್ಲಿ

ಗುರುವಾರ, ಸಯಾಮ್ ಸ್ಕ್ವೇರ್

ಥಾಯ್ಲೆಂಡಿನ ಬಿಎಲ್, ಅಂದರೆ ‘ಬಾಯ್ಸ್ ಲವ್’, ಹುಡುಗರಿಬ್ಬರ ಪ್ರೇಮದ ಕಥೆ ಹೇಳುವ ಧಾರಾವಾಹಿಗಳ ಊರುಗಳನ್ನು ನೋಡಲು ಹೊರಟವರು ಬ್ಯಾಂಕಾಕಿನಲ್ಲಿ ಮೊದಲು ಸಯಾಮ್ ಸ್ಕ್ವೇರಿಗೆ ಹೋಗಬೇಕೆಂಬುದು ನನ್ನ ಅಭಿಪ್ರಾಯ. ಚುಲಾಲೊಂಗ್‌ಕೊರ್ನ್ ವಿಶ್ವವಿದ್ಯಾಲಯಕ್ಕೆ ಸೇರಿದ ಈ ಜಾಗದಲ್ಲಿ ಬಟ್ಟೆ ಅಂಗಡಿಗಳು, ಟ್ಯೂಷನ್ ಕೇಂದ್ರಗಳು, ಸಿಹಿತಿಂಡಿಯ ಮಳಿಗೆಗಳು ಒತ್ತೊತ್ತಾಗಿ ಸೇರಿಕೊಂಡಿವೆ; ಸಂಜೆಯಾದರೆ ಶಾಲೆ ಬಿಟ್ಟ ಮಕ್ಕಳು ಸಮವಸ್ತ್ರದಲ್ಲೇ ಗುಂಪುಗುಂಪಾಗಿ ಓಡಾಡುತ್ತಾರೆ. 2007ರಲ್ಲಿ ತೆರೆಕಂಡ, ಚೂಕಿಯಾತ್ ಸಕ್ವೀರಕುನ್ ನಿರ್ದೇಶನದ ‘ದ ಲವ್ ಆಫ್ ಸಯಾಮ್’ ಚಿತ್ರದಲ್ಲಿ, ಬಾಲ್ಯದಲ್ಲಿ ನೆರೆಮನೆಯವರಾಗಿದ್ದು ಅಗಲಿಹೋದ ಮ್ಯೂ ಮತ್ತು ತೋಂಗ್ ಹದಿಹರೆಯದಲ್ಲಿ ಮತ್ತೆ ಎದುರಾಗುವುದು ಈ ಬೀದಿಗಳಲ್ಲೇ. ಅದು ಧಾರಾವಾಹಿಯಲ್ಲ, ಇಂದಿನ ಅರ್ಥದ ಬಿಎಲ್ ಕೂಡ ಅಲ್ಲ. ಆದರೂ ಮುಂದೆ ಬಂದ ಕಥೆಗಳ ಬೀಜ ಅಲ್ಲಿದೆ.

ನನ್ನ ಜೊತೆಗೆ ಬಂದವರು ಚಿಕ್ಕಮ್ಮ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತರಾದ ಅವರು, ನನ್ನ ಪಕ್ಕದಲ್ಲಿ ಕುಳಿತು ಯೂಟ್ಯೂಬಿನಲ್ಲಿ ಇಂಗ್ಲಿಷ್ ಅಡಿಬರಹ ಓದುತ್ತ ಈ ಕಥೆಗಳನ್ನು ನೋಡಲು ತೊಡಗಿದವರು, ಈಗ ನನಗಿಂತ ಹೆಚ್ಚು ಆಸಕ್ತರು. ಹುಡುಗರ ಅಪ್ಪ ಅಮ್ಮಂದಿರ ವಿಷಯದಲ್ಲಿ ಅವರಿಗೆ ಗಟ್ಟಿಯಾದ ಅಭಿಪ್ರಾಯಗಳಿವೆ. ‘ಲವ್ ಆಫ್ ಸಯಾಮ್’ನಲ್ಲಿ ಅವರಿಗೆ ಪ್ರಿಯವಾದದ್ದು ಮ್ಯೂ ಹಾಡುವ ದೃಶ್ಯವಲ್ಲ, ತೋಂಗನ ತಾಯಿ ಸುನೀ ಮಗನೊಂದಿಗೆ ಕ್ರಿಸ್‌ಮಸ್ ಮರವನ್ನು ಅಲಂಕರಿಸುವ ದೃಶ್ಯ. ಹಿರಿಯ ಮಗಳನ್ನು ಕಳೆದುಕೊಂಡು, ಕುಡಿತಕ್ಕೆ ಬಿದ್ದ ಗಂಡನನ್ನು ಸಂಭಾಳಿಸುತ್ತ, ಉಳಿದಿರುವ ಒಬ್ಬನೇ ಮಗನನ್ನು ಕಣ್ಣಿಟ್ಟು ಕಾಯುವ ಆ ತಾಯಿಯೇ ಮ್ಯೂನನ್ನು ದೂರವಿರು ಎಂದು ಕೇಳಿಕೊಂಡಿರುತ್ತಾಳೆ. ಮರಕ್ಕೆ ಹುಡುಗನ ಗೊಂಬೆ ಕಟ್ಟಲೋ ಹುಡುಗಿಯ ಗೊಂಬೆ ಕಟ್ಟಲೋ ಎಂದು ಮಗ ತಡವರಿಸಿದಾಗ, ನಿನಗೆ ಯಾವುದು ಸರಿಯೆನಿಸುತ್ತದೋ ಅದನ್ನು ಆರಿಸಿಕೊ ಎನ್ನುವವಳೂ ಅವಳೇ. ನಟಿ ಸಿಂಜೈ ಪ್ಲೆಂಗ್‌ಪಾನಿಚ್ ಅಲ್ಲಿ ಗೆಲುವನ್ನೂ ಸೋಲನ್ನೂ ಒಟ್ಟಿಗೆ ಮುಖದಲ್ಲಿ ತರುತ್ತಾರೆ. ಈ ಕಥೆಗಳ ಬಗ್ಗೆ ನನಗಿರುವ ಒಲವಿಗೆ ಕಾರಣ ಈ ದೃಶ್ಯದಲ್ಲೇ ಇದೆ. ಇಲ್ಲಿ ಪ್ರೇಮಕ್ಕೆ ಅಡ್ಡ ನಿಲ್ಲುವವರು ಬಹುಮಟ್ಟಿಗೆ ಪ್ರೇಮಿಗಳನ್ನು ಅತಿಯಾಗಿ ಪ್ರೀತಿಸುವವರೇ, ಮತ್ತು ಒಳ್ಳೆಯ ಕಥೆಗಳು ಅವರನ್ನು ಖಳರಾಗಿಸಿ ಕೈತೊಳೆದುಕೊಳ್ಳುವುದಿಲ್ಲ.

ಶುಕ್ರವಾರ, ಎಂಟನೆಯ ರಾಮನ ಸೇತುವೆ

ಬೆಳಿಗ್ಗೆ ಚಾವೊ ಪ್ರಾಯಾ ನದಿಯ ದೋಣಿ ಹಿಡಿದು, ಎಂಟನೆಯ ರಾಮನೆಂದು ಕರೆಯುವ ಥಾಯ್ ದೊರೆಯ ಹೆಸರಿನ ಸೇತುವೆಯ ಬಳಿ ಇಳಿದೆವು. 2002ರಲ್ಲಿ ಸಂಚಾರಕ್ಕೆ ತೆರೆದ ಈ ಕೇಬಲ್ ಸೇತುವೆಗೆ ಒಂದೇ ಕಡೆ ಎತ್ತರವಾದ ಕಂಬ, ಅದರಿಂದ ಹೊರಟ ಹಳದಿ ಬಣ್ಣದ ಕೇಬಲ್ಲುಗಳು. ಪಶ್ಚಿಮ ದಡದಲ್ಲಿ ಸೇತುವೆಯ ಕೆಳಗೇ ಒಂದು ಉದ್ಯಾನ. ‘ಸೋಟಸ್’ ನೋಡಿದವರಿಗೆ ಇದು ಆರ್ಥಿತ್ ಮತ್ತು ಕೊಂಗ್‌ಪೊಪ್ ಅವರ ಸೇತುವೆ. 2014ರ ‘ಲವ್ ಸಿಕ್’ ಈ ಬಗೆಯ ಧಾರಾವಾಹಿಗಳಿಗೆ ದಾರಿ ತೆರೆದರೆ, 2016ರ ‘ಸೋಟಸ್’ ಅದನ್ನು ಹೆದ್ದಾರಿ ಮಾಡಿತು. ಎರಡಕ್ಕೂ ಮೂಲ ಅಂತರಜಾಲದಲ್ಲಿ ಕಂತುಕಂತಾಗಿ ಬಂದ ಕಾದಂಬರಿಗಳು.

ಎಂಜಿನಿಯರಿಂಗ್ ಕಾಲೇಜಿನಲ್ಲಿ ಹೊಸಬರನ್ನು ಹಿರಿಯರು ಪಳಗಿಸುವ ಪದ್ಧತಿಯ ಮೇಲೆ ಈ ಕಥೆ ನಿಂತಿದೆ. ಮೂರನೆಯ ವರ್ಷದ ಆರ್ಥಿತ್ ಆ ಹಿರಿಯರ ಮುಖಂಡ; ಗಂಟಲು ಕಿತ್ತುಹೋಗುವಂತೆ ಕೂಗುವುದು, ಮೈದಾನ ಸುತ್ತಿಸುವುದು ಅವನ ಕೆಲಸ. ಕೊಂಗ್‌ಪೊಪ್ ಮೊದಲ ವರ್ಷದವನು, ಎದ್ದು ನಿಂತು ಪ್ರಶ್ನೆ ಕೇಳುವವನು. ‘ಇದು ರ‍್ಯಾಗಿಂಗ್ ಕಣೇ, ಇದರಲ್ಲಿ ಪ್ರೀತಿ ಎಲ್ಲಿಂದ ಬಂತು?’ ಎಂದು ಚಿಕ್ಕಮ್ಮ ಮೊದಲ ಕಂತಿನಲ್ಲೇ ಸಿಡುಕಿದ್ದರು. ಮೂವತ್ತು ವರ್ಷ ಶಾಲೆಯಲ್ಲಿ ಕಳೆದವರಿಗೆ ಅದು ಸಹಜ. ಆದರೆ ಧಾರಾವಾಹಿಯ ಜಾಣ್ಮೆಯಿರುವುದು ಆರ್ಥಿತ್‌ನ ಗತ್ತನ್ನು ಒಂದೊಂದೇ ಪದರವಾಗಿ ಕಳಚುವುದರಲ್ಲಿ. ಎಲ್ಲರೆದುರು ಗುಡುಗುವ ಆ ಹುಡುಗ ಕ್ಯಾಂಟೀನಿನಲ್ಲಿ ಗುಲಾಬಿ ಬಣ್ಣದ ಸಿಹಿ ಹಾಲು ಕುಡಿಯುತ್ತಾನೆ, ಮತ್ತು ಅದನ್ನು ಯಾರಾದರೂ ಕಂಡಾರೆಂದು ಸಂಕೋಚಪಡುತ್ತಾನೆ. ಸಲಾ ಹಣ್ಣಿನ ಕೆಂಪು ಪಾಕ ಬೆರೆಸಿ, ಲೋಟದ ತುಂಬ ಐಸ್ ಹಾಕಿಕೊಡುವ ಆ ‘ನೋಮ್ ಯೆನ್’ ಇಲ್ಲಿನ ಯಾವ ಗೂಡಂಗಡಿಯಲ್ಲೂ ಸಿಗುತ್ತದೆ. ನಾವೂ ಕುಡಿದೆವು, ನನ್ನ ನಾಲಿಗೆಗೆ ಸಿಹಿ ಹೆಚ್ಚೆನಿಸಿತು, ಚಿಕ್ಕಮ್ಮ ಲೋಟ ಬರಿದು ಮಾಡಿದರು.

ಕೊಂಗ್‌ಪೊಪ್‌ನನ್ನು ಮೆಚ್ಚುವವರೇ ಹೆಚ್ಚು, ಅವನು ಧೈರ್ಯವಂತ, ಮನಸ್ಸಿನಲ್ಲಿರುವುದನ್ನು ಹೇಳಬಲ್ಲವನು. ನನ್ನ ಮನಸ್ಸು ಮಾತ್ರ ಯಾವಾಗಲೂ ಆರ್ಥಿತ್‌ನ ಕಡೆಗೆ. ಮಾತು ಹೊರಡದ, ಹೊರಟರೂ ಬೈಗುಳದ ರೂಪದಲ್ಲೇ ಹೊರಡುವ ಅವನು ಈ ಸೇತುವೆಯ ಮೇಲೆ ಕೊನೆಗೂ ಮನಸ್ಸು ಬಿಚ್ಚುವ ದೃಶ್ಯಕ್ಕೆ ಅಷ್ಟೊಂದು ತೂಕ ಬಂದಿರುವುದು ಅದಕ್ಕೆ ಮೊದಲಿನ ಕಂತುಗಳಲ್ಲಿ ಅವನು ನುಂಗಿಕೊಂಡ ಮಾತುಗಳಿಂದ. ಮುಂದಿನ ಭಾಗವಾದ ‘ಸೋಟಸ್ ಎಸ್’ನಲ್ಲಿ ಅವನು ನೌಕರಿ ಹಿಡಿದಿದ್ದಾನೆ, ಕೊಂಗ್‌ಪೊಪ್ ಅದೇ ಕಂಪನಿಗೆ ತರಬೇತಿಗೆ ಬರುತ್ತಾನೆ, ಸಹೋದ್ಯೋಗಿಗಳಿಗೆ ತಿಳಿದರೇನು ಗತಿ ಎಂಬ ಅಂಜಿಕೆ ಆರ್ಥಿತ್‌ನನ್ನು ಹಿಂಡುತ್ತದೆ. ಕಾಲೇಜಿನ ಪ್ರೇಮ ಕಚೇರಿಯ ಮೇಜಿನ ಮುಂದೆ ಕುಳಿತಾಗ ಏನಾಗುತ್ತದೆಂದು ಕೇಳಿದ ಧಾರಾವಾಹಿಗಳು ಆಗ ಹೆಚ್ಚಿರಲಿಲ್ಲ.

ಸಂಜೆ ಹೋಟೆಲಿನಲ್ಲಿ ‘ಬ್ಯಾಡ್ ಬಡ್ಡಿ’ಯ ಐದನೆಯ ಕಂತನ್ನು ಮತ್ತೆ ನೋಡಿದೆವು. ನೊಪ್ಪರ್ನಾಚ್ ಚೈವಿಮೊನ್, ಅಭಿಮಾನಿಗಳ ಬಾಯಲ್ಲಿ ‘ಆಫ್’, ನಿರ್ದೇಶಿಸಿದ ಈ ಧಾರಾವಾಹಿ 2021ರ ಅಕ್ಟೋಬರಿನಲ್ಲಿ ಆರಂಭವಾಯಿತು. ಪ್ಯಾಟ್ ಮತ್ತು ಪ್ರಾನ್ ಅಕ್ಕಪಕ್ಕದ ಮನೆಯವರು, ಎರಡೂ ಮನೆಗಳ ನಡುವೆ ತೀರದ ಹಗೆ. ಮಕ್ಕಳು ಓದಿನಲ್ಲಿ, ಆಟದಲ್ಲಿ, ಎಲ್ಲದರಲ್ಲೂ ಒಬ್ಬರನ್ನೊಬ್ಬರು ಸೋಲಿಸಬೇಕೆಂಬುದು ಹಿರಿಯರ ಹಟ. ಹುಡುಗರು ಹೊರಗೆ ಹೊಡೆದಾಡುವವರಂತೆ ನಟಿಸುತ್ತ ಒಳಗೆ ಗೆಳೆತನ ಕಾಪಾಡಿಕೊಳ್ಳುತ್ತಾರೆ. ಮಹಡಿಯ ಮೇಲಿನ ಆ ರಾತ್ರಿಯಲ್ಲಿ ಓಮ್ ಪವತ್ ಮತ್ತು ನಾನೊನ್ ಕೊರಪತ್ ಅಭಿನಯಿಸಿರುವ ಬಗೆ ಈ ಪ್ರಕಾರದಲ್ಲೇ ಅತಿ ಎತ್ತರದ್ದೆಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಮುತ್ತಿಟ್ಟ ಮೇಲೆ ಪ್ರಾನ್ ನಗುವುದಿಲ್ಲ, ಅಳುತ್ತಾನೆ, ಬಿಟ್ಟು ಹೋಗುತ್ತಾನೆ. ಅಷ್ಟು ವರ್ಷ ಒಳಗೆ ಅದುಮಿಟ್ಟುಕೊಂಡದ್ದು ಕೈಗೆ ಸಿಕ್ಕಿದ ಕ್ಷಣದಲ್ಲೇ ಅದನ್ನು ಕಳೆದುಕೊಳ್ಳಬೇಕಾದೀತೆಂಬ ಲೆಕ್ಕ ಅವನ ಕಣ್ಣಲ್ಲಿ ಕಾಣುತ್ತದೆ. ಹಗೆಯ ಬೇರು ಪ್ರಾನ್‌ನ ತಾಯಿಗೂ ಪ್ಯಾಟ್‌ನ ತಂದೆಗೂ ವಿದ್ಯಾರ್ಥಿ ದೆಸೆಯಲ್ಲಿ ನಡೆದ ಒಂದು ಮೋಸದಲ್ಲಿದೆ. ಮೋಸ ಹೋದವಳ ಸಿಟ್ಟು ನ್ಯಾಯವಾದದ್ದೇ ಎಂದು ಕಥೆ ಒಪ್ಪಿಕೊಳ್ಳುವುದರಿಂದ, ಕೊನೆಯಲ್ಲಿ ಎಲ್ಲರೂ ಕೈಕೈ ಹಿಡಿದು ನಿಲ್ಲುವ ಸುಲಭದ ಮಂಗಳ ಅಲ್ಲಿಲ್ಲ. ವರ್ಷಗಳು ಕಳೆದರೂ ಹುಡುಗರು ಹಿರಿಯರೆದುರು ದೂರವಿರುವವರಂತೆ ನಡೆದುಕೊಳ್ಳುತ್ತಾರೆ, ಹಿರಿಯರು ಕಂಡೂ ಕಾಣದಂತೆ ಇರುತ್ತಾರೆ. ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವುದು ಹೀಗೇ ಎಂದು ಚಿಕ್ಕಮ್ಮ ಹೇಳಿದರು.

ಶನಿವಾರ, ಪಟ್ಟಾಯ

ಏಕ್ಕಮೈ ನಿಲ್ದಾಣದಿಂದ ಬಸ್ಸು ಹಿಡಿದು, ಸುಮಾರು ನೂರೈವತ್ತು ಕಿಲೋಮೀಟರ್ ದೂರದ ಪಟ್ಟಾಯಕ್ಕೆ ಮಧ್ಯಾಹ್ನ ತಲುಪಿದೆವು. ಪಟ್ಟಾಯವೆಂದರೆ ನಮ್ಮವರ ಮನಸ್ಸಿನಲ್ಲಿ ಮೂಡುವ ಚಿತ್ರವೇ ಬೇರೆ. 2023ರ ‘ಮೂನ್‌ಲೈಟ್ ಚಿಕನ್’ ಆ ಊರಿನ ದುಡಿಯುವ ಜನರನ್ನು ತೋರಿಸಿತು. ಇದೂ ಆಫ್ ಅವರ ನಿರ್ದೇಶನವೇ, ಬರೀ ಎಂಟು ಕಂತು. ಜಿಮ್ ರಾತ್ರಿ ಹೊತ್ತು ಕೋಳಿ ಅನ್ನದ ಅಂಗಡಿ ನಡೆಸುವವನು, ನಡುವಯಸ್ಸಿನ ಹೊಸ್ತಿಲಲ್ಲಿರುವವನು, ಹಿಂದಿನ ಸಂಗಾತಿಯನ್ನು ಸಾವಿನಲ್ಲಿ ಕಳೆದುಕೊಂಡು ಪ್ರೀತಿಯ ಗೊಡವೆಯೇ ಬೇಡವೆಂದುಕೊಂಡವನು; ಜೊತೆಗೆ ಅಕ್ಕನ ಮಗ ಲಿ ಮಿಂಗ್‌ನನ್ನು ಸಾಕುತ್ತಿರುವವನು. ಒಂದು ರಾತ್ರಿ ಕುಡಿದು ಅಂಗಡಿಯಲ್ಲಿ ಒರಗಿದ ವೆನ್ ಅವನ ಬದುಕಿನೊಳಗೆ ಬರುತ್ತಾನೆ.

ರಾತ್ರಿ ನಾವು ಹುಡುಕಿಕೊಂಡು ಹೋದದ್ದು ಧಾರಾವಾಹಿಯ ಅಂಗಡಿಯನ್ನಲ್ಲ, ಬೀದಿ ಬದಿಯ ಯಾವುದಾದರೂ ಒಂದು ‘ಖಾವ್ ಮನ್ ಗೈ’ ಅಂಗಡಿಯನ್ನು. ಗಾಜಿನ ಪೆಟ್ಟಿಗೆಯಲ್ಲಿ ಬೇಯಿಸಿದ ಕೋಳಿಗಳು ಕೊಕ್ಕೆಗೆ ತೂಗುತ್ತಿದ್ದವು. ಅಂಗಡಿಯ ಹೆಂಗಸು ಒಂದನ್ನು ಇಳಿಸಿ, ದಪ್ಪ ಮರದ ಹಲಗೆಯ ಮೇಲಿಟ್ಟು, ಅಗಲವಾದ ಕತ್ತಿಯಿಂದ ಮೂಳೆ ಬಿಡಿಸಿ, ಚರ್ಮ ಕಳಚದಂತೆ ಒಂದೇ ದಪ್ಪದ ತುಂಡುಗಳನ್ನು ಮಾಡಿದಳು. ಅದೇ ಕತ್ತಿಯ ಮೇಲೆ ಆ ತುಂಡುಗಳನ್ನು ಸಾಲಾಗಿ ಎತ್ತಿ, ಕೋಳಿಯ ಸಾರು ಮತ್ತು ಕೊಬ್ಬಿನಲ್ಲಿ ಬೆಂದ ಅನ್ನದ ಮೇಲೆ ಜಾರಿಸಿದಳು. ಸೌತೆಯ ಬಿಲ್ಲೆಗಳು, ಬೂದುಗುಂಬಳ ಹಾಕಿದ ತಿಳಿಸಾರು, ಶುಂಠಿ, ಮೆಣಸಿನಕಾಯಿ ಮತ್ತು ಹುದುಗಿಸಿದ ಸೋಯಾ ಕಾಳಿನ ಚಟ್ನಿ ಜೊತೆಗೆ ಬಂದವು. ಮಾಂಸ ಮುಟ್ಟದ ಚಿಕ್ಕಮ್ಮ ಹಳದಿ ಬಾವುಟ ಹಾರಿಸಿದ ‘ಜೇ’ ಅಂಗಡಿಯಿಂದ ತೋಫು ಪಲ್ಯ ಕಟ್ಟಿಸಿಕೊಂಡು ಬಂದಿದ್ದರು. ಆ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲವೆಂದು ತಿಳಿದು ಅವರಿಗೆ ತುಂಬ ಸಮಾಧಾನವಾಗಿತ್ತು.

ಜಿಮ್‌ನ ಕೈಗಳನ್ನು ಧಾರಾವಾಹಿ ಎಷ್ಟು ಹೊತ್ತು ತೋರಿಸುತ್ತದೆಂಬುದು ಆ ಹೆಂಗಸಿನ ಕೈ ನೋಡಿದಾಗ ನನಗೆ ಹೊಳೆಯಿತು. ಬಾಡಿಗೆ, ಸಾಲ, ಕೋಳಿಯ ಬೆಲೆ, ನಾಳೆಯ ಅಕ್ಕಿ, ಇವುಗಳ ನಡುವೆಯೇ ಅವನು ವೆನ್‌ನನ್ನು ಪ್ರೀತಿಸಬೇಕು. ಕಾಲೇಜು ಹುಡುಗರ ಕಥೆಗಳಲ್ಲಿ ಹಣ ಎಲ್ಲಿಂದಲೋ ಬರುತ್ತಿರುತ್ತದೆ. ಇಲ್ಲಿ ಹಣವೇ ಒಂದು ಪಾತ್ರ. ಅವನಿಗೆ ಕೋಳಿ ತಂದುಕೊಡುವ ಗೈಪಾನ ಒಮ್ಮುಖ ಪ್ರೀತಿಯನ್ನು ನೋಡಿ. ಜಿಮ್‌ಗೆ ಅದು ಗೊತ್ತಿದೆ, ಒಪ್ಪಿಕೊಳ್ಳಲೂ ಆಗದು, ನೋಯಿಸಲೂ ಆಗದು.

ಆದರೂ ಈ ಧಾರಾವಾಹಿಯ ಹೃದಯ ಲಿ ಮಿಂಗ್ ಮತ್ತು ಹಾರ್ಟ್ ಎಂಬ ಇಬ್ಬರು ಎಳೆಯರಲ್ಲಿದೆ. ಕಾಯಿಲೆಯಿಂದ ಕಿವಿ ಕೇಳದಂತಾದ ಹಾರ್ಟ್‌ನನ್ನು ಶ್ರೀಮಂತ ತಂದೆತಾಯಿ ಮನೆಯೊಳಗೇ ಜೋಪಾನ ಮಾಡುತ್ತಾರೆ, ಅವನ ಸಂಜ್ಞಾಭಾಷೆಯನ್ನು ಮಾತ್ರ ಕಲಿಯುವುದಿಲ್ಲ. ಲಿ ಮಿಂಗ್ ಕಲಿಯುತ್ತಾನೆ. ಅವನ ಬೆರಳುಗಳು ಮೊದಲು ತೊದಲುತ್ತವೆ, ತಪ್ಪುತ್ತವೆ, ನಿಧಾನವಾಗಿ ಹರಿಯತೊಡಗುತ್ತವೆ. ಫೋರ್ತ್ ಮತ್ತು ಜೆಮಿನಿ ಎಂಬ ಆ ಇಬ್ಬರು ಹುಡುಗ ನಟರು ಮಾತಿಲ್ಲದ ಆ ದೃಶ್ಯಗಳಲ್ಲಿ ನನ್ನನ್ನು ಪ್ರತಿ ಸಲವೂ ಅಳಿಸುತ್ತಾರೆ. ಮುಂದೆ ಅಕ್ಕನ ಮಗನೂ ಹುಡುಗನನ್ನೇ ಪ್ರೀತಿಸುತ್ತಿದ್ದಾನೆಂದು ತಿಳಿದಾಗ ಜಿಮ್ ಸಂತೋಷಪಡುವುದಿಲ್ಲ, ಹೆದರುತ್ತಾನೆ. ತಾನು ಪಟ್ಟ ಪಾಡು ಈ ಮಗುವಿಗೆ ಬೇಡವೆಂಬ ಆ ಹೆದರಿಕೆ ಎಷ್ಟು ನಿಜ, ಆ ಕ್ಷಣದಲ್ಲಿ ಅವನು ಎಷ್ಟು ಅನ್ಯಾಯದವನು! ‘ಸಾಕಿದವರಿಗೇ ಈ ಭಯ ಬರೋದು’ ಎಂದು ಚಿಕ್ಕಮ್ಮ ಅವನ ಪರವಾಗಿ ವಾದಿಸಿದರು.

ಭಾನುವಾರ, ದಾರಿಯಲ್ಲಿ

ಬಸ್ಸಿನಲ್ಲಿ ಬ್ಯಾಂಕಾಕಿಗೆ ಮರಳಿ, ಸಂಜೆಯ ವಿಮಾನದಲ್ಲಿ ಫುಕೆಟ್ ಸೇರಿದ್ದರಲ್ಲೇ ದಿನ ಮುಗಿಯಿತು. ದಾರಿಯುದ್ದಕ್ಕೂ ಮಾತು ‘ಅಂಟಿಲ್ ವೀ ಮೀಟ್ ಅಗೇನ್’ ಬಗ್ಗೆ. ಮನೆಯವರ ಒತ್ತಡ ತಾಳಲಾರದೆ ಪ್ರಾಣ ಕಳೆದುಕೊಂಡ ಕಾರ್ನ್ ಮತ್ತು ಇನ್‌ಟಚ್ ದಶಕಗಳ ನಂತರ ಡೀನ್ ಮತ್ತು ಫಾರ್ಮ್ ಆಗಿ ಹುಟ್ಟಿಬರುವ ಕಥೆಯನ್ನು ಚಿಕ್ಕಮ್ಮ ‘ಋಣಾನುಬಂಧ’ ಎಂಬ ಒಂದೇ ಮಾತಿನಲ್ಲಿ ಒಪ್ಪಿಕೊಂಡವರು. ನನಗೆ ಅದರಲ್ಲಿ ಮುಖ್ಯವೆನಿಸುವುದು ಪುನರ್ಜನ್ಮಕ್ಕಿಂತ ಉಳಿದುಹೋದವರ ಬದುಕು. ಮಕ್ಕಳನ್ನು ಕಳೆದುಕೊಂಡ ಮನೆಗಳಲ್ಲಿ ಆ ಹೆಸರುಗಳನ್ನು ಎತ್ತದೆಯೇ ವಯಸ್ಸಾದವರನ್ನು ಕಥೆ ಮರೆಯುವುದಿಲ್ಲ.

ಸೋಮವಾರ, ಫುಕೆಟ್ ಹಳೆಪೇಟೆ

ನಾನು ಈ ಪ್ರವಾಸಕ್ಕೆ ಹೊರಟದ್ದೇ ಈ ಒಂದು ದಿನಕ್ಕಾಗಿ ಎಂದರೆ ತಪ್ಪಾಗದು. ತಲಾಂಗ್ ರಸ್ತೆ, ದೀಬುಕ್ ರಸ್ತೆ, ಇವೆರಡರ ನಡುವಿನ ಪುಟ್ಟ ಓಣಿ ಸೋಯ್ ರೊಮನೀ. ತವರದ ಗಣಿಗಳ ಕಾಲದಲ್ಲಿ ಬಂದು ನೆಲೆಸಿದ ಹೊಕ್ಕಿಯನ್ ಚೀನೀಯರ ಮನೆಗಳು, ಕೆಳಗೆ ಅಂಗಡಿ, ಮೇಲೆ ವಾಸ, ಮುಂದೆ ಕಮಾನುಗಳ ಸಾಲು. ನರುಬೇತ್ ಕುನೋ ನಿರ್ದೇಶನದ ‘ಐ ಟೋಲ್ಡ್ ಸನ್‌ಸೆಟ್ ಅಬೌಟ್ ಯೂ’ 2020ರಲ್ಲಿ ಈ ಊರಿನಲ್ಲಿ ನಡೆದ ಕಥೆ, ಐದೇ ಕಂತು. ನಿರ್ಮಿಸಿದ ನಾದಾವ್ ಬ್ಯಾಂಕಾಕ್ ಸಂಸ್ಥೆ 2022ರಲ್ಲಿ ಬಾಗಿಲು ಹಾಕಿತು.

ತೇ ಎಂಬವನ ತಾಯಿ ಇಲ್ಲಿ ಹೊಕ್ಕಿಯನ್ ನೂಡಲ್ಸ್ ಅಂಗಡಿ ನಡೆಸಿ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದವಳು. ಓ-ಎವ್ ಅವನ ಬಾಲ್ಯದ ಗೆಳೆಯ. ಚೀನೀ ಧಾರಾವಾಹಿಯೊಂದನ್ನು ಒಟ್ಟಿಗೆ ನೋಡಿ ನಟರಾಗಬೇಕೆಂದು ಕನಸು ಕಂಡ ಇಬ್ಬರೂ ಒಂದು ನಾಟಕದ ಪಾತ್ರಕ್ಕಾಗಿ ಜಗಳವಾಡಿ ಮಾತು ಬಿಟ್ಟಿರುತ್ತಾರೆ. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಚೀನೀ ಭಾಷೆ ಕಲಿಯುವ ನೆಪದಲ್ಲಿ ಮತ್ತೆ ಹತ್ತಿರವಾಗುತ್ತಾರೆ. ತೇ ಹೇಳಿಕೊಡುತ್ತಾನೆ, ಓ-ಎವ್ ಕಲಿಯುತ್ತಾನೆ. ತೇ ಮನಸ್ಸಿನಲ್ಲಿ ಅಸೂಯೆ, ಅಪರಾಧ ಪ್ರಜ್ಞೆ, ಸೆಳೆತ ಎಲ್ಲವೂ ಬೇರ್ಪಡಿಸಲಾಗದಂತೆ ಹೆಣೆದುಕೊಂಡಿವೆ. ಬಿಲ್ಕಿನ್ ಆ ಪಾತ್ರದಲ್ಲಿ ಒಂದೊಂದು ಸಲ ಅಸಹ್ಯ ಹುಟ್ಟಿಸುವಷ್ಟು ಸ್ವಾರ್ಥಿಯಾಗಿ ಕಾಣುತ್ತಾರೆ, ಅದೇ ಆ ಅಭಿನಯದ ಹೆಚ್ಚಳ. ಪೀಪಿ ಅಭಿನಯಿಸಿದ ಓ-ಎವ್ ಅದಕ್ಕೆ ತದ್ವಿರುದ್ಧ. ತಾನು ಯಾರೆಂಬುದನ್ನು ಅವನು ಮೊದಲೇ ಬಲ್ಲ. ಅವನಿಗೆ ತಿಳಿಯದಿರುವುದು ಎದುರಿಗಿರುವವನು ಏನನ್ನು ಬಯಸುತ್ತಾನೆಂಬುದು ಮಾತ್ರ.

ಹಳೆಪೇಟೆಯ ಒಂದು ಅಂಗಡಿಯಲ್ಲಿ ಆ ಹುಡುಗನ ಹೆಸರಿನದೇ ಸಿಹಿ ಸಿಗುತ್ತದೆ. ನೀರಲ್ಲಿ ನೆನೆಸಿದ ಓ-ಎವ್ ಬೀಜಗಳನ್ನು ಕಿವುಚಿ ತೆಗೆದ ಲೋಳೆಗೆ ಬಾಳೆಹಣ್ಣಿನ ರಸ ಸೇರಿಸಿ ಗಟ್ಟಿ ಮಾಡುತ್ತಾರೆ. ಕಣ್ಣಿಗೆ ಎಳನೀರಿನ ಗಂಜಿಯಂತೆ ಕಾಣುವ ಅದರ ತುಂಡುಗಳ ಮೇಲೆ ಬೆಂದ ಕೆಂಪು ಕಾಳು, ಪುಡಿ ಮಾಡಿದ ಐಸ್, ಕೆಂಪು ಪಾಕ. ಚಿಕ್ಕಮ್ಮನಿಗೆ ಧೈರ್ಯವಾಗಿ ತಿನ್ನಬಹುದಾದ ತಿಂಡಿ ಸಿಕ್ಕಿತು, ಇನ್ನೊಂದು ಬಟ್ಟಲು ಹೇಳಿದರು.

ಅಲ್ಲಿಯೇ ಕುಳಿತು ನಾವು ತೇ ತಾಯಿಯ ಬಗ್ಗೆ ವಾದ ಮಾಡಿದ್ದು. ಬೇಗನೆ ಸಿಕ್ಕಿದ ವಿಶ್ವವಿದ್ಯಾಲಯದ ಸೀಟನ್ನು ತೇ ಓ-ಎವ್‌ಗೆ ಸಿಗಲೆಂದು ಬಿಟ್ಟುಕೊಡುತ್ತಾನೆ. ಪ್ರೇಮಿಯ ಕಣ್ಣಿನಲ್ಲಿ ಅದು ತ್ಯಾಗ. ದಿನವಿಡೀ ಒಲೆಯ ಮುಂದೆ ನಿಂತು ಆ ಸೀಟಿಗಾಗಿ ಕಾಸು ಕೂಡಿಟ್ಟವಳ ಕಣ್ಣಿನಲ್ಲಿ ಅದು ಏನು? ‘ಆ ಹುಡುಗ ಯಾರನ್ನ ಪ್ರೀತಿಸಿದ ಅನ್ನೋದಕ್ಕೆ ಅವಳು ಅಳಲಿಲ್ಲ, ತನ್ನನ್ನ ಒಂದು ಮಾತೂ ಕೇಳಲಿಲ್ಲವಲ್ಲ ಅಂತ ಅತ್ತಳು’ ಎಂದರು ಚಿಕ್ಕಮ್ಮ. ಅಷ್ಟು ಸಲ ನೋಡಿದ ದೃಶ್ಯವನ್ನು ನಾನು ಹಾಗೆ ಓದಿರಲಿಲ್ಲ. ಆಮೇಲೆ ಬರುವುದು ಅಣ್ಣ ಹೂನ್‌ನ ಎದುರು ತೇ ಒಡೆದುಹೋಗುವ ದೃಶ್ಯ. ತಂದೆಯಿಲ್ಲದ ಮನೆಯಲ್ಲಿ ತಂದೆಯ ಜಾಗದಲ್ಲಿರುವ ಅಣ್ಣ ಉಪದೇಶ ಮಾಡುವುದಿಲ್ಲ, ತಮ್ಮನನ್ನು ಅಪ್ಪಿಕೊಳ್ಳುತ್ತಾನೆ. ಬಿಎಲ್ ಧಾರಾವಾಹಿಗಳ ಜೋಡಿಗಳ ಬಗ್ಗೆ ಇಷ್ಟೆಲ್ಲ ಬರೆಯುವ ನಾನು, ಒಂದೇ ಒಂದು ದೃಶ್ಯ ಆರಿಸಿಕೊ ಎಂದರೆ, ಅಣ್ಣತಮ್ಮಂದಿರ ಈ ದೃಶ್ಯವನ್ನೇ ಆರಿಸಿಕೊಳ್ಳುತ್ತೇನೆ.

ಮಂಗಳವಾರ, ಪ್ರೋಮ್‌ಥೆಪ್ ಭೂಶಿರ

ದ್ವೀಪದ ದಕ್ಷಿಣ ತುದಿಯ ಪ್ರೋಮ್‌ಥೆಪ್‌ಗೆ ಸೂರ್ಯಾಸ್ತ ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ. ನಮ್ಮ ಹಾಗೆಯೇ ಧಾರಾವಾಹಿಯ ನೆನಪಿನಲ್ಲಿ ಬಂದ ಚೀನೀ ಹುಡುಗಿಯರ ಗುಂಪೊಂದು ಕೆಂಪು ದಾಸವಾಳ ಮುಡಿದು ಚಿತ್ರ ತೆಗೆಸಿಕೊಳ್ಳುತ್ತಿತ್ತು. ದಾಸವಾಳ ಆ ಧಾರಾವಾಹಿಯುದ್ದಕ್ಕೂ ತೇ ಹೇಳಲಾರದ್ದನ್ನು ಹೇಳುವ ಹೂವು. ಅವರಲ್ಲೊಬ್ಬಳು ಚಿಕ್ಕಮ್ಮನ ಕೈಗೂ ಒಂದು ಹೂ ಕೊಟ್ಟಳು. ಭಾಷೆ ಬಾರದಿದ್ದರೂ ಇಬ್ಬರೂ ಪಾತ್ರಗಳ ಹೆಸರುಗಳನ್ನಷ್ಟೇ ಹೇಳಿಕೊಂಡು ಬಹಳ ಹೊತ್ತು ನಕ್ಕರು.

ಬುಧವಾರ, ಮತ್ತೆ ಬ್ಯಾಂಕಾಕ್

ಬಿಟಿಎಸ್ ರೈಲಿನ ಸಯಾಮ್ ನಿಲ್ದಾಣದ ಸುತ್ತ ನಟರ ಹುಟ್ಟುಹಬ್ಬಕ್ಕೆ ಅಭಿಮಾನಿಗಳು ಚಂದಾ ಎತ್ತಿ ಹಾಕಿಸಿದ ಫಲಕಗಳಿದ್ದವು. ತೆರೆಯ ಮೇಲಿನ ಜೋಡಿಯನ್ನು ತೆರೆಯ ಹೊರಗೂ ಜೋಡಿಯಾಗಿಯೇ ನೋಡುವ ಅಭಿಮಾನಕ್ಕೆ ಇಲ್ಲಿ ‘ಖೂ ಜಿನ್’ ಎನ್ನುತ್ತಾರೆ. ನಿರ್ಮಾಣ ಸಂಸ್ಥೆಗಳು ಇಬ್ಬರು ನಟರನ್ನು ಒಂದು ಜೋಡಿಯಾಗಿ ಧಾರಾವಾಹಿಯಿಂದ ಧಾರಾವಾಹಿಗೆ ಮುಂದುವರಿಸುತ್ತವೆ, ಜಾಹೀರಾತಿಗೂ ಅಭಿಮಾನಿ ಕೂಟಕ್ಕೂ ಜೊತೆಯಾಗಿಯೇ ಕಳಿಸುತ್ತವೆ. ಅರ್ಥ್ ಮತ್ತು ಮಿಕ್ಸ್ ‘ಎ ಟೇಲ್ ಆಫ್ ಥೌಸಂಡ್ ಸ್ಟಾರ್ಸ್’ನ ಅರಣ್ಯಾಧಿಕಾರಿಯೂ ಮೇಷ್ಟರೂ ಆಗಿದ್ದವರು, ಮುಂದೆ ಜಿಮ್ ಮತ್ತು ವೆನ್ ಆದರು, ಒಬ್ಬರನ್ನೊಬ್ಬರು ಅರಿತ ನಟರಿಂದ ಬರುವ ಸಲೀಸು ಅದರಲ್ಲಿದೆ, ಒಪ್ಪುತ್ತೇನೆ. ಆದರೆ ಆ ಹುಡುಗರಿಗೆ ನಿಜ ಜೀವನದಲ್ಲಿ ಗೆಳತಿಯೋ ಗೆಳೆಯನೋ ಇದ್ದಾರೆಂದು ತಿಳಿದೊಡನೆ ದ್ರೋಹವಾಯಿತೆಂದು ಹರಿಹಾಯುವುದು ನನಗೆ ಸಹಿಸಲಾಗದ ನಡವಳಿಕೆ. ಪಾತ್ರಗಳನ್ನು ಎಷ್ಟು ಬೇಕಾದರೂ ಪ್ರೀತಿಸೋಣ, ನಟರ ಬದುಕು ಅವರದು. ಹಾಗೆಯೇ, ಬಲವಂತವನ್ನು ಪ್ರೇಮವೆಂದು ತೋರಿಸಿದ ಹಳೆಯ ಧಾರಾವಾಹಿಗಳನ್ನು, ಇಬ್ಬರಲ್ಲಿ ಒಬ್ಬನನ್ನು ‘ಹೆಂಡತಿ’ ಎಂದು ಕರೆದು ನಗಿಸುವ ಸಂಭಾಷಣೆಗಳನ್ನು ಅಭಿಮಾನದ ಹೆಸರಿನಲ್ಲಿ ಸಮರ್ಥಿಸಬೇಕಾಗಿಲ್ಲ. ‘ಬ್ಯಾಡ್ ಬಡ್ಡಿ’ಯ ನಂತರ ಅವು ಹಳತಾಗಿ ಕಾಣತೊಡಗಿವೆ.

ಅದೇ ಸಯಾಮ್‌ನ ಪ್ಯಾರಗಾನ್ ಮಳಿಗೆಯಲ್ಲಿ 2025ರ ಜನವರಿ 23ರಂದು, ಸಲಿಂಗ ಜೋಡಿಗಳಿಗೂ ಮದುವೆಯ ಹಕ್ಕು ಕೊಡುವ ವಿವಾಹ ಸಮಾನತೆಯ ಕಾನೂನು ಜಾರಿಗೆ ಬಂದ ದಿನ, ನೂರಾರು ಜೋಡಿಗಳು ಮದುವೆ ನೋಂದಾಯಿಸಿಕೊಂಡರು. ಆಗ್ನೇಯ ಏಷ್ಯಾದಲ್ಲಿ ಅಂಥ ಕಾನೂನು ತಂದ ಮೊದಲ ದೇಶ ಥಾಯ್ಲೆಂಡ್. ನಮ್ಮಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೆಯ ಕಲಮಿನ ಭಾರವನ್ನು ಇಳಿಸಿತು, 2023ರ ಅಕ್ಟೋಬರಿನಲ್ಲಿ ಮದುವೆಯ ಹಕ್ಕನ್ನು ಮಾತ್ರ ಕೊಡಲಿಲ್ಲ. ಕಾನೂನು ತಂದದ್ದು ಧಾರಾವಾಹಿಗಳಲ್ಲ, ವರ್ಷಗಟ್ಟಲೆ ಬೀದಿಗಿಳಿದು ದುಡಿದವರು. ಆ ಮಳಿಗೆಯಲ್ಲಿ ನಿಂತಾಗ ನನಗೆ ಬೇಕೆನಿಸಿದ್ದು ಅವರಿಗೆ ಕೈಮುಗಿಯಬೇಕೆಂದು.

ರಾತ್ರಿ ವಿಮಾನಕ್ಕೆ ಕಾಯುತ್ತ ಚಿಕ್ಕಮ್ಮ ಮತ್ತೆ ತೇ ವಿಷಯ ಎತ್ತಿದರು. ಬ್ಯಾಂಕಾಕಿನಲ್ಲಿ ನಡೆಯುವ ಎರಡನೆಯ ಭಾಗ ‘ಐ ಪ್ರಾಮಿಸ್ಡ್ ಯೂ ದ ಮೂನ್’ನಲ್ಲಿ ತೇ ಇನ್ನೊಬ್ಬನತ್ತ ಜಾರಿದ್ದನ್ನು ಅವರು ಇನ್ನೂ ಕ್ಷಮಿಸಿಲ್ಲ. ‘ಸೀಟು ಬಿಟ್ಟುಕೊಟ್ಟವನು ಮನಸ್ಸು ಯಾಕೆ ಕಾಯಲಿಲ್ಲ?’ ಎಂಬುದು ಅವರ ಪ್ರಶ್ನೆ. ನಾನು ಕ್ಷಮಿಸಿದ್ದೇನೆ. ಬಿಟ್ಟುಕೊಡುವುದು ಒಂದು ದಿನದ ಕೆಲಸ, ದೊಡ್ಡ ಊರಿನಲ್ಲಿ, ಬೇರೆ ಬೇರೆ ಕಾಲೇಜುಗಳಲ್ಲಿ, ಬೆಳೆಯುತ್ತಲೇ ಒಬ್ಬರಿಗೊಬ್ಬರು ಬೇಕಾಗಿ ಉಳಿಯುವುದು ವರ್ಷಗಳ ಕೆಲಸ. ಮೊದಲ ಪ್ರೇಮದ ಆ ದಣಿವನ್ನು ಮುಚ್ಚಿಡದೆ ತೋರಿಸಿದ್ದಕ್ಕೆ, ಮತ್ತು ಓ-ಎವ್ ನಟನೆ ಬಿಟ್ಟು ತನಗೊಪ್ಪುವ ಜಾಹೀರಾತಿನ ಓದನ್ನು ತಾನೇ ಆರಿಸಿಕೊಂಡು ತೇ ಇಲ್ಲದೆಯೂ ನಿಲ್ಲಬಲ್ಲವನಾದದ್ದಕ್ಕೆ, ಎರಡನೆಯ ಭಾಗವೇ ನನಗೆ ಹೆಚ್ಚು. ಚಿಕ್ಕಮ್ಮ ಒಪ್ಪಲಿಲ್ಲ, ಊರಿಗೆ ಹೋದ ಮೇಲೆ ಇನ್ನೊಮ್ಮೆ ಮೊದಲಿಂದ ನೋಡೋಣ ಎಂದರು.